ಸೊಲ್ಲುಗಾರನ ಸರದಿ

“ಗುರುಗಳೇ, ನನ್ನ ದೇಹಕ್ಕೆ ಸಾಕಾಯಿತೋ ಇಲ್ಲವೋ ಎಂಬುದು ನನಗೇ ಗೊತ್ತಾಗುವುದಿಲ್ಲವೇ? ಅದನ್ನು ಇನ್ನೊಬ್ಬರು ಬಂದು ಏಕೆ ಹೇಳಬೇಕು?”

ಹೀಗೆ ಕೇಳಿದ ಶಿಷ್ಯನ ಮುಖ ಊದಿಕೊಂಡಿತ್ತು. ಆ ಬೆಳಿಗ್ಗೆ ಮಠದ ಕೆರೆಯ ಹೂಳು ತೆಗೆಯುವ ಕೆಲಸ ನಡೆದಿತ್ತು. ಉಳಿದವರೆಲ್ಲ ಆಗಾಗ ಮೇಲೆ ಬಂದು ನೀರು ಕುಡಿದು ಹೋಗುತ್ತಿದ್ದರು. ಇವನೊಬ್ಬ ಬಂದಿರಲಿಲ್ಲ. ಕೊನೆಗೆ ಅಡುಗೆ ಭಟ್ಟರೇ ಕೆರೆಗೆ ಇಳಿದು, ಇವನ ರಟ್ಟೆ ಹಿಡಿದು, ಎಲ್ಲರೆದುರು ಎಳೆದು ತಂದು ದಂಡೆಯಲ್ಲಿ ಕೂರಿಸಿದ್ದರು. ಇವನಿಗೆ ಅದು ದೊಡ್ಡ ಅವಮಾನವಾಗಿ ಕಂಡಿತ್ತು.

“ಭಟ್ಟರು ಏನೆಂದರು?” ಎಂದು ಅಂಗಳದ ಮರದ ನೆರಳಿನಲ್ಲಿ ಕೂತಿದ್ದ ಗುರುಗಳು ಕೇಳಿದರು.

“ನಾನು ಬುಟ್ಟಿಯನ್ನು ಬೋರಲು ಹಾಕಿಕೊಂಡು ಅದರ ಬೆನ್ನ ಮೇಲೆ ಮಣ್ಣು ಸುರಿಯುತ್ತಿದ್ದೆನಂತೆ. ಶುದ್ಧ ಸುಳ್ಳು, ಗುರುಗಳೇ. ನಾನು ಹಾಗೆ ಮಾಡಲೇ ಇಲ್ಲ.”

ಗುರುಗಳಿಗೆ ನಗು ಬಂತು. “ಮಾಡಲಿಲ್ಲ ಎಂದು ನಿನಗೆ ಇಷ್ಟು ಖಾತ್ರಿ ಇದೆಯಲ್ಲ, ನನಗೆ ಹೆದರಿಕೆಯಾಗುವುದು ಅದಕ್ಕೇ. ಕೂತುಕೋ. ಒಬ್ಬ ಸೊಲ್ಲುಗಾರನ ಕತೆ ಹೇಳುತ್ತೇನೆ” ಎಂದು ಅವರು ಹೇಳತೊಡಗಿದರು.

ನಾನು ಹುಟ್ಟಿದ್ದು ಕಡಲ ದಂಡೆಯ ಊರಿನಲ್ಲಿ. ಆ ಕಾಲದಲ್ಲಿ ಅಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ನೀನು ಘಟ್ಟದ ಮೇಲಿನವನು, ನಿನಗೆ ರಂಪಣಿ ಗೊತ್ತಿರಲಿಕ್ಕಿಲ್ಲ. ದೋಣಿಯವರು ಬಹಳ ಉದ್ದದ ಒಂದು ಬಲೆಯನ್ನು ಕಡಲಿನಲ್ಲಿ ಕಮಾನಿನ ಹಾಗೆ ಬಿಟ್ಟು ಬರುತ್ತಾರೆ. ಬಲೆಯ ಎರಡೂ ತುದಿಯ ಹಗ್ಗ ದಂಡೆಯ ಮೇಲಿರುತ್ತದೆ. ಊರಿನ ಗಂಡಸರಲ್ಲಿ ಅರ್ಧ ಜನ ಒಂದು ಹಗ್ಗಕ್ಕೆ, ಉಳಿದ ಅರ್ಧ ಇನ್ನೊಂದಕ್ಕೆ. ಎರಡು ಸಾಲೂ ಒಂದೇ ಹೊತ್ತಿಗೆ, ಒಂದೇ ಬಲದಲ್ಲಿ ಜಗ್ಗುತ್ತ ಹಿಂದೆ ಸರಿಯಬೇಕು. ಒಂದು ಸಾಲು ಸಡಿಲ ಬಿಟ್ಟರೆ ಬಲೆಯ ಅಡಿಯಂಚು ಮರಳು ಬಿಟ್ಟು ಮೇಲೇಳುತ್ತದೆ. ಆಮೇಲೆ ಮೀನು ನಿಮಗಾಗಿ ಕಾಯುತ್ತ ಕೂರುವುದಿಲ್ಲ.

ಅಷ್ಟು ಜನರ ಕೈಯನ್ನು ಒಂದು ಮಾಡುತ್ತಿದ್ದುದು ಹಾಡು. ಹಾಡು ಹೇಳಿಕೊಡುವವನನ್ನು ನಮ್ಮ ಊರಿನಲ್ಲಿ ಸೊಲ್ಲುಗಾರ ಎನ್ನುತ್ತಿದ್ದರು. ಅವನು ಹಗ್ಗ ಹಿಡಿಯುತ್ತಿರಲಿಲ್ಲ. ಎರಡು ಸಾಲಿನ ನಡುವೆ ಎತ್ತರದ ಮರಳ ದಿಬ್ಬದ ಮೇಲೆ ನಿಂತು, ಹಗ್ಗ ಹಿಡಿದವರಲ್ಲಿ ಒಬ್ಬನ ಹೆಸರು ಹಿಡಿದು ಕೂಗುತ್ತಿದ್ದ. “ಸುಕ್ರಾ ಸುಕ್ರಾ, ಮನೆಗೆಂತ?” ಅಂದರೆ, ಇವತ್ತು ಮನೆಗೆ ಏನು ಒಯ್ಯುತ್ತೀಯ ಎಂದು. ಸುಕ್ರ ಕೂಡಲೇ ಉತ್ತರ ಕೊಡಬೇಕು. “ಮನೆಗೆ ಬಂಗುಡೆ!” ಎರಡೂ ಸಾಲು “ಐಲೇಸಾ” ಎಂದು ಜಗ್ಗಬೇಕು. ಮತ್ತೆ, “ಮಾಸ್ತೀ ಮಾಸ್ತೀ, ಮನೆಗೆಂತ?” “ಹೆಂಡತಿಗೆ ಬಳೆ!” “ಐಲೇಸಾ!” “ಬಚ್ಚಾ ಬಚ್ಚಾ, ಮನೆಗೆಂತ?” “ಅತ್ತೆಗೆ ಎಲೆಯಡಿಕೆ, ಬಾಯಿ ಮುಚ್ಚಲಿಕ್ಕೆ!” “ಐಲೇಸಾ!”

ಒಬ್ಬ ಹೇಳಿದ್ದನ್ನು ಆ ದಿನ ಇನ್ನೊಬ್ಬ ಹೇಳುವಂತಿರಲಿಲ್ಲ. ತಡವರಿಸುವಂತಿರಲಿಲ್ಲ. ತಡವರಿಸಿದರೆ, ಅಥವಾ ಹಿಂದಿನವನ ಮಾತನ್ನೇ ಒದರಿದರೆ, “ಇವನಿಗೆ ಸೆಕೆ ಹತ್ತಿತು, ಬಿಡಿಸಿ” ಎಂದು ಸೊಲ್ಲುಗಾರ ಕೂಗುತ್ತಿದ್ದ. ಪಕ್ಕದವರು ಅವನ ಕೈಯಿಂದ ಹಗ್ಗ ಬಿಡಿಸಿ ದಂಡೆಯ ಮೇಲೆ ಹಾಕಿದ್ದ ಚಪ್ಪರಕ್ಕೆ ಅಟ್ಟುತ್ತಿದ್ದರು. ಅಲ್ಲಿ ಹೆಂಗಸರು ಉಪ್ಪು ಹಾಕಿದ ಗಂಜಿ ತಿಳಿಯ ಹಂಡೆ ಇಟ್ಟುಕೊಂಡಿರುತ್ತಿದ್ದರು. ಅವನು ಕುಡಿಯಬೇಕು, ತಲೆಗೆ ಬಾವಿಯ ನೀರು ಹೊಯ್ದುಕೊಳ್ಳಬೇಕು, ಗಾಳಿ ಹಾಕಿಸಿಕೊಂಡು ನೆರಳಿನಲ್ಲಿ ಕೂರಬೇಕು. ಹೆಂಗಸರು ಅದೇ ಪ್ರಶ್ನೆ ಕೇಳುತ್ತಿದ್ದರು. ನೆಟ್ಟಗೆ ಉತ್ತರ ಹೇಳಿದರೆ ಮಾತ್ರ ಹಗ್ಗಕ್ಕೆ ವಾಪಸು. ಅವನು ಇಲ್ಲದಾಗ ಅವನ ಹೆಸರು ಬಂದರೆ ಪಕ್ಕದವನು ಅವನ ಪರವಾಗಿ ಉತ್ತರಿಸುತ್ತಿದ್ದ, ಏಕೆಂದರೆ ಹಾಡು ಮುರಿಯಬಾರದು.

ಇದರಲ್ಲಿ ಯಾರಿಗೂ ಅವಮಾನವಿರಲಿಲ್ಲ. ನಿನ್ನ ಹಾಗೆ ಮುಖ ಊದಿಸಿಕೊಂಡು ಯಾರೂ ಕೂರುತ್ತಿರಲಿಲ್ಲ. ದಿನಕ್ಕೆ ಎಲ್ಲರೂ ಒಂದು ಸಲವಾದರೂ ಚಪ್ಪರಕ್ಕೆ ಹೋಗಿ ಬರುತ್ತಿದ್ದರು, ಎಲ್ಲರೂ ನಗೆಪಾಟಲಿಗೆ ಈಡಾಗುತ್ತಿದ್ದರು. ಅದು ಆಟವೆಂದೇ ಎಲ್ಲರೂ ತಿಳಿದಿದ್ದರು. ಕಡಲ ಬಿಸಿಲಿನಲ್ಲಿ ಜೀವ ಉಳಿಸಿಕೊಳ್ಳಲು ಹಿಂದಿನವರು ಆಟದೊಳಗೆ ಅಡಗಿಸಿಟ್ಟ ಉಪಾಯ ಅದು ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅರ್ಧ ಜನ ಪಾಲಿಸುತ್ತಿರಲಿಲ್ಲ.

ಬಿಸಿಲಿನ ದಣಿವು ಮೊದಲು ಕಾಲಿಗೆ ಬರುತ್ತದೆ ಎಂದು ನೀನು ತಿಳಿದಿರಬಹುದು. ಎಷ್ಟೋ ಸಲ ಕೈಕಾಲು ಗಟ್ಟಿಯಾಗಿಯೇ ಇರುತ್ತದೆ, ಒಳಗೆ ಬುದ್ಧಿ ಸರಿದು ಹೋಗಿರುತ್ತದೆ. ಅಂಥವನು ಹಗ್ಗ ಜಗ್ಗುತ್ತಲೇ ಇರುತ್ತಾನೆ. ಕೇಳಿದರೆ “ನನಗೇನೂ ಆಗಿಲ್ಲ” ಎನ್ನುತ್ತಾನೆ. ಅವನ ಮಾತನ್ನು ನಂಬಬಾರದು. ಆಗಿದೆಯೋ ಇಲ್ಲವೋ ಎಂದು ತಿಳಿಯಬೇಕಾದ ಬುದ್ಧಿಯೇ ಅಲ್ಲಿ ಮೊದಲು ಕೆಟ್ಟಿರುತ್ತದೆ.

ಆ ಸೊಲ್ಲುಗಾರನ ಗಂಟಲು ಎಂಥದ್ದು ಎಂದು ಹೇಗೆ ಹೇಳಲಿ? ಗಾಳಿ ಇತ್ತ ಬೀಸಿದ ದಿನ ಅವನ ದನಿ ನಮ್ಮ ಮನೆಯ ಅಂಗಳದವರೆಗೆ ಬರುತ್ತಿತ್ತು. ನನ್ನ ಅಮ್ಮ ಒರಳು ತಿರುಗಿಸುವುದನ್ನು ನಿಲ್ಲಿಸಿ, “ಕೇಳು, ಇವತ್ತು ಬಚ್ಚ ಎಂತ ಹೇಳ್ತ ಕಾಂಬ” ಎನ್ನುತ್ತಿದ್ದಳು. ಬಚ್ಚನ ಉತ್ತರಕ್ಕೆ ಅವಳು ಒಬ್ಬಳೇ ನಗುತ್ತಿದ್ದಳು. ಅದನ್ನು ನೆನೆದರೆ ನನಗೆ ಈಗಲೂ ಎದೆ ತುಂಬಿ ಬರುತ್ತದೆ. ಹಳೆಯದೆಲ್ಲ ಹೊನ್ನು ಎಂದು ಹಾಡಿಕೊಂಡು ತಿರುಗುವ ಮುದುಕ ನಾನಲ್ಲ, ಆ ಕಾಲದ ಹಸಿವನ್ನು ನಾನು ಕಂಡಿದ್ದೇನೆ. ಆದರೂ ಆ ಹಾಡು ಬೇಕಿತ್ತು ಅನ್ನಿಸುತ್ತದೆ.

ಅವನಿಗೂ ಒಂದು ಹೆಸರಿತ್ತು, ಈರ ಎಂದು. ಆದರೆ ಯಾರೂ ಆ ಹೆಸರು ಹಿಡಿಯುತ್ತಿರಲಿಲ್ಲ. ಚಿಕ್ಕವರು, ದೊಡ್ಡವರು, ಬಲೆಯ ಯಜಮಾನಿಕೆ ನೋಡುವ ತಾಂಡೇಲ ಸಹ ಅವನನ್ನು ಸೊಲ್ಲುಗಾರ ಎಂದೇ ಕರೆಯುತ್ತಿದ್ದರು. ಹಾಡಿನಲ್ಲಿ ಎಲ್ಲರ ಹೆಸರೂ ಬರುತ್ತಿತ್ತು, ಅವನ ಹೆಸರು ಬರುತ್ತಿರಲಿಲ್ಲ. ಕೇಳುವವನು ಅವನು. ಅವನನ್ನು ಕೇಳುವುದು ಹೇಗೆ?

ಇನ್ನೊಂದು ವಿಷಯ. ಹಾಡು ಶುರುವಾದ ಮೇಲೆ ಅವನು ಬಲೆ ದಂಡೆಗೆ ಬರುವವರೆಗೆ ಏನನ್ನೂ ಕುಡಿಯುತ್ತಿರಲಿಲ್ಲ. ನಡುವೆ ತಣ್ಣಗಿನದು ಕುಡಿದರೆ ಗಂಟಲು ಕಟ್ಟುತ್ತದೆ ಎಂದು ಅವನ ನಂಬಿಕೆ. ತಲೆಗೆ ಏನನ್ನೂ ಸುತ್ತುತ್ತಿರಲಿಲ್ಲ, ಸಾಲಿನ ಕೊನೆಯವನ ಉತ್ತರ ಕಿವಿಗೆ ಬೀಳುವುದಿಲ್ಲ ಎಂದು. ದಿಬ್ಬದಿಂದ ಇಳಿಯುತ್ತಿರಲಿಲ್ಲ, ಎಲ್ಲರಿಗೂ ಕಾಣಬೇಕು ಎಂದು. ಉಳಿದವರನ್ನೆಲ್ಲ ನೆರಳಿಗೆ ಅಟ್ಟುವವನಿಗೆ ನೆರಳಿರಲಿಲ್ಲ. ಊರಿನವರಿಗೆ ಅದು ಅವನ ದೊಡ್ಡಸ್ತಿಕೆಯಾಗಿ ಕಾಣುತ್ತಿತ್ತು. “ನಮ್ಮ ಸೊಲ್ಲುಗಾರನಿಗೆ ನೀರೂ ಬೇಡ ನೆರಳೂ ಬೇಡ” ಎಂದು ಪಕ್ಕದ ಊರಿನವರ ಮುಂದೆ ಜಂಬ ಕೊಚ್ಚುತ್ತಿದ್ದರು.

ಅವನ ಹೆಂಡತಿಗೆ ಮಾತ್ರ ಈ ಜಂಬ ಸೇರುತ್ತಿರಲಿಲ್ಲ. ಚಪ್ಪರದಲ್ಲಿ ಗಂಜಿಯ ಹಂಡೆ ನೋಡಿಕೊಳ್ಳುತ್ತಿದ್ದವಳು ಅವಳೇ.

ಒಂದು ವರ್ಷ, ಮಳೆ ಹಿಡಿಯುವ ಮುಂಚಿನ ಕೊನೆಯ ಬಲೆ. ಅದನ್ನು ಎಳೆದು ಬಲೆ ಮಡಿಸಿಟ್ಟರೆ ಮಳೆಗಾಲ ಪೂರ್ತಿ ಕಡಲು ಮುಚ್ಚಿದ ಬಾಗಿಲು. ಸಿಕ್ಕಿದ ಮೀನನ್ನು ಒಣಗಿಸಿಟ್ಟುಕೊಂಡು ಅಷ್ಟೂ ದಿನ ಉಣ್ಣಬೇಕು. ಹಾಗಾಗಿ ಆ ಬಲೆಯ ಮೇಲೆ ಎಲ್ಲರಿಗೂ ಆಸೆ.

ಆ ದಿನ ಬಿಸಿಲಿರಲಿಲ್ಲ. ಮೋಡ ಕವಿದಿತ್ತು. ಎಲೆಯೂ ಅಲುಗಾಡದಷ್ಟು ಗಾಳಿ ಸತ್ತಿತ್ತು. ಕಡಲ ದಂಡೆಯಲ್ಲಿ ಅಂಥ ದಿನಕ್ಕೆ ಸೆಕೆ ಎನ್ನುತ್ತಾರೆ. ಬಿಸಿಲಿಗಿಂತ ಸೆಕೆ ಕೆಟ್ಟದ್ದು. ಬೆವರು ಹರಿಯುತ್ತದೆ, ಆರುವುದಿಲ್ಲ. ಬೆವರು ಆರದೆ ಮೈ ತಣಿಯುವುದಿಲ್ಲ. ಬಿಸಿಲಾದರೆ ಮನುಷ್ಯ ಹೆದರಿ ನೆರಳು ಹುಡುಕುತ್ತಾನೆ, ಮೋಡವಿದ್ದರೆ ಆಕಾಶವೇ ಕೊಡೆ ಹಿಡಿದಿದೆ ಎಂದು ಧೈರ್ಯ ತಂದುಕೊಳ್ಳುತ್ತಾನೆ. ಆ ದಿನ ಎಲ್ಲರಿಗೂ ಇದೇ ಧೈರ್ಯ.

ಬೆಳಿಗ್ಗೆ ದಿಬ್ಬ ಹತ್ತುವ ಮುಂಚೆ ಹೆಂಡತಿ ಗಂಜಿ ತಿಳಿಯ ಬಟ್ಟಲು ಹಿಡಿದು ಅಡ್ಡ ನಿಂತಳು.

“ಹ್ವಾಯ್, ಇವತ್ತೊಂದಿನ ಕುಡ್ದು ಹೋಗಿ. ಸೆಕೆ ಕಾಣಿ, ನೀರೊಳಗೆ ನಿಂತ ಹಾಂಗೆ ಇತ್ತು.”

“ಬಿಸಿಲೇ ಇಲ್ಲ, ಸೆಕೆ ಎಂತ ಮಾಡುತ್ತೆ ಮಾರಾಯ್ತಿ? ಆಮೇಲೆ ಕುಡಿತೆ, ಬಲೆ ಬರಲಿ” ಎಂದು ಅವನು ದಿಬ್ಬ ಹತ್ತಿದ.

ಬಲೆ ಬೇಗ ಬರಲಿಲ್ಲ. ಎಳೆದಷ್ಟೂ ಭಾರ. ಭಾರವಾದಷ್ಟೂ ಜನರಿಗೆ ಹುಮ್ಮಸ್ಸು. ಹೊತ್ತು ನೆತ್ತಿಗೆ ಬಂತು, ನೆತ್ತಿಯಿಂದ ಇಳಿಯತೊಡಗಿತು. ಚಪ್ಪರಕ್ಕೆ ಹೋಗಿ ಬರುವವರು ಹೆಚ್ಚಾದರು. ಸುಕ್ರ ಹೋದ, ಬಂದ. ಮಾಸ್ತಿ ಹೋದ, ಬಂದ. ಬಚ್ಚನಂಥ ಬಚ್ಚನೇ “ಮನೆಗೆ ಬಂಗುಡೆ” ಎಂದು ಸುಕ್ರನ ಹಳಸಲು ಉತ್ತರ ಹೇಳಿ ಎಲ್ಲರಿಂದ ಬೈಸಿಕೊಂಡು ಚಪ್ಪರ ಸೇರಿದ. ಸೊಲ್ಲುಗಾರ ದಿಬ್ಬದ ಮೇಲೇ ಇದ್ದ.

ಮೊದಲು ಅವನು ಒಂದೇ ಹೆಸರನ್ನು ಎರಡೆರಡು ಸಲ ಕೂಗಿದ. ಜನ ಅಂದುಕೊಂಡರು, ಇವತ್ತು ಸುಕ್ರನನ್ನು ಚೆನ್ನಾಗಿ ಆಟ ಆಡಿಸುತ್ತಿದ್ದಾನೆ ಎಂದು. ಆಮೇಲೆ ಸಿಡಿಮಿಡಿಗೊಂಡು ಸಾಲಿನ ಮೇಲೆ ರೇಗಿದ. ಯಾರನ್ನೂ ಬೈದವನಲ್ಲ ಅವನು. ಬಲೆ ಭಾರ ಅಲ್ಲವೇ, ನಮ್ಮನ್ನು ಹುರಿದುಂಬಿಸುತ್ತಿದ್ದಾನೆ ಎಂದು ಜನ ಇನ್ನಷ್ಟು ಜೋರಾಗಿ ಜಗ್ಗಿದರು. ಅವನು ಒಮ್ಮೆ ಮುಗ್ಗರಿಸಿ ಮಂಡಿಯೂರಿದ. ಮರಳು ಸಡಿಲ ಇತ್ತು ಎಂದರು. ಹಾಡಿನ ಲಯ ನಿಧಾನವಾಯಿತು. ಸಾಲುಗಳೂ ನಿಧಾನವಾದವು. ಅವನು ಹೇಗೆ ಹೇಳಿದರೆ ಹಾಗೆ ಎಳೆಯುವುದು ಅವರ ಅಭ್ಯಾಸ. ಇದೇ ಲಯತಪ್ಪು ಸಾಲಿನಲ್ಲಿ ಯಾರಿಂದಾದರೂ ಆಗಿದ್ದರೆ ಕ್ಷಣದಲ್ಲಿ ಹಿಡಿಯುತ್ತಿದ್ದರು. ಅವನಿಂದ ಆದಾಗ ಅದು ತಪ್ಪಾಗಿ ಕಾಣಲಿಲ್ಲ, ಹೊಸ ಬಗೆಯಾಗಿ ಕಂಡಿತು.

ಅಷ್ಟರಲ್ಲಿ ಅವನು ಕೂಗಿದ. “ಜಟ್ಟಾ ಜಟ್ಟಾ, ಮನೆಗೆಂತ?”

ಜಟ್ಟ ಅವನ ಅಣ್ಣ. ಬಹಳ ವರ್ಷದ ಹಿಂದೆ ದೋಣಿ ಮಗುಚಿ ತೀರಿಹೋಗಿದ್ದ.

ಆಮೇಲೆ ಏನಾಯಿತು ಗೊತ್ತೇ? ಜನರ ಕಣ್ಣಲ್ಲಿ ನೀರು ಬಂತು. ವರ್ಷದ ಕೊನೆಯ ಬಲೆ, ಇಷ್ಟೊಂದು ಮೀನು, ಪಾಪ, ಅಣ್ಣನನ್ನು ನೆನೆದು ಅವನಿಗೂ ಒಂದು ಸರದಿ ಕೊಡುತ್ತಿದ್ದಾನೆ ಎಂದುಕೊಂಡರು. ಎಂಥ ದೊಡ್ಡ ಮನಸ್ಸು ಎಂದುಕೊಂಡರು. ಇಲ್ಲದವನ ಪರವಾಗಿ ಪಕ್ಕದವನು ಉತ್ತರಿಸುವುದು ಪದ್ಧತಿಯಲ್ಲವೇ? ಸಾಲಿನ ಹಿರಿಯನೊಬ್ಬ ಕೂಗಿದ, “ತಮ್ಮನಿಗೆ ತುಂಬಿದ ಬಲೆ!” ಎರಡೂ ಸಾಲು ಹಿಂದೆಂದೂ ಎಳೆಯದ ಹಾಗೆ “ಐಲೇಸಾ” ಎಂದು ಎಳೆದವು.

ದಿಬ್ಬದ ಮೇಲೆ ಸೊಲ್ಲುಗಾರನ ಮುಖ ಅರಳಿತು. ಅಣ್ಣ ಸಾಲಿನಲ್ಲಿ ಇದ್ದಾನೆ ಎಂದು ಅವನಿಗೆ ಈಗ ಖಾತ್ರಿಯಾಯಿತು. ಅವನು ಮತ್ತೆ ಕೂಗಿದ. “ಜಟ್ಟಾ ಜಟ್ಟಾ, ಮನೆಗೆಂತ?” ಇನ್ನೊಬ್ಬ ಉತ್ತರ ಕೊಟ್ಟ. ಅವನು ಮತ್ತೆ ಮತ್ತೆ ಕೂಗಿದ, ಅವರು ಮತ್ತೆ ಮತ್ತೆ ಉತ್ತರ ಕೊಟ್ಟರು. ಒಬ್ಬ ಮನುಷ್ಯನ ಜೀವ ಕಣ್ಣೆದುರು ಜಾರುತ್ತಿತ್ತು. ಅದನ್ನು ಪ್ರೀತಿಯಿಂದ, ಲಯ ತಪ್ಪದೆ, ಇಡೀ ಊರು ಸೇರಿ ಜಾರಿಸುತ್ತಿತ್ತು.

ಚಪ್ಪರದಲ್ಲಿ ಅವನ ಹೆಂಡತಿಯ ಕಿವಿಗೆ ಆ ಹೆಸರು ಬಿತ್ತು. ಉಳಿದವರಿಗೆ ಗೊತ್ತಿಲ್ಲದ ಒಂದು ಸಂಗತಿ ಅವಳಿಗೆ ಗೊತ್ತಿತ್ತು. ಅಣ್ಣ ಸತ್ತ ದಿನದಿಂದ ಅವನು ಆ ಹೆಸರನ್ನು ಬಾಯಿಗೆ ತಂದವನಲ್ಲ. ಮನೆಯಲ್ಲಿ ಯಾರಾದರೂ ಜಟ್ಟ ಎಂದರೆ ಉಣ್ಣುವ ಎಲೆ ಬಿಟ್ಟು ಎದ್ದು ಹೋಗುತ್ತಿದ್ದ. ಬುದ್ಧಿ ನೆಟ್ಟಗಿದ್ದಾಗ ಅವನು ಆ ಹೆಸರು ಕೂಗುವವನಲ್ಲ.

ಅವಳು ಸೌಟು ಬಿಸಾಡಿ ಓಡಿದಳು. ಎರಡು ಸಾಲಿನ ನಡುವೆ ಹೆಂಗಸರು ಹೋಗುವ ಪದ್ಧತಿ ಇರಲಿಲ್ಲ, ಹೋದಳು. ಮೀನು ಸೇರುವ ಬಲೆಯ ಚೀಲ ಅಲೆಯ ಹತ್ತಿರ ಬಂದಿತ್ತು. ಮೀನು ಮಿಂಚುವುದು ದಂಡೆಗೆ ಕಾಣುತ್ತಿತ್ತು. ಈಗ ಹಾಡು ನಿಂತರೆ ಸಾಲು ನಿಲ್ಲುತ್ತದೆ, ಸಾಲು ನಿಂತರೆ ಬಲೆ ಬರಿದಾಗುತ್ತದೆ. ತಾಂಡೇಲ ದೂರದಿಂದಲೇ “ಯಾರದು? ಅಡ್ಡ ಬರಬೇಡಿ” ಎಂದು ಗದರಿದ.

ಕುಡಿಯಿರಿ ಎಂದರೆ ಅವನು ಕೇಳುವುದಿಲ್ಲ ಎಂದು ಅವಳಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಕೈ ಹಿಡಿದು ಎಳೆದರೆ ಊರು ಅವಳನ್ನೇ ಎಳೆದು ಹಾಕುತ್ತಿತ್ತು. ಅವಳು ದಿಬ್ಬದ ಬುಡದಲ್ಲಿ ನಿಂತು, ಹಾಡಿನ ಲಯದಲ್ಲೇ, ಮದುವೆಯಾದಾಗಿನಿಂದ ಒಮ್ಮೆಯೂ ಉಚ್ಚರಿಸದ ಗಂಡನ ಹೆಸರನ್ನು ಹಿಡಿದು ಕೂಗಿದಳು.

“ಈರಾ ಈರಾ, ಮನೆಗೆಂತ?”

ಹೆಂಡತಿ ಗಂಡನ ಹೆಸರು ಕೂಗುವುದನ್ನು ಕೇಳಿ ಕೆಲವರಿಗೆ ನಗು ಬಂತು. ಎಲ್ಲರೂ ಉತ್ತರಕ್ಕೆ ಕಾದರು. ಇಷ್ಟು ವರ್ಷ ಎಲ್ಲರನ್ನೂ ಕೇಳಿದವನು ತನ್ನ ಸರದಿಗೆ ಎಂಥ ಉತ್ತರ ಇಟ್ಟುಕೊಂಡಿದ್ದಾನೋ ಎಂದು ಬಚ್ಚ ಕತ್ತು ಉದ್ದ ಮಾಡಿದ.

ಸೊಲ್ಲುಗಾರ ಅವಳನ್ನು ನೋಡಿದ. ಬಾಯಿ ತೆರೆದ. “ಮನೆಗೆ...” ಎಂದ. ಮತ್ತೆ “ಮನೆಗೆ...” ಎಂದ. ಕೊನೆಗೆ, ಗುರುತಿಲ್ಲದವರನ್ನು ಕೇಳುವ ದನಿಯಲ್ಲಿ, “ಯಾವ ಮನೆ?” ಎಂದು ಕೇಳಿದ.

ನಗು ನಿಂತಿತು. “ಹಗ್ಗ ಬಿಡಬೇಡಿ” ಎಂದು ಕೂಗಲು ಬಾಯಿ ತೆರೆದಿದ್ದ ತಾಂಡೇಲನೇ ಮೊದಲು ಹಗ್ಗ ಬಿಟ್ಟು ಓಡಿದ. ಅವನ ಹಿಂದೆ ಸಾಲಿಗೆ ಸಾಲೇ ಓಡಿತು. ಬಲೆಯ ಅಡಿ ಎದ್ದಿತು. ಆ ವರ್ಷದ ಮಳೆಗಾಲದ ಊಟವೆಲ್ಲ ಮಿಂಚುತ್ತ ಕಡಲಿಗೆ ಹೋಯಿತು. ಯಾರೂ ಅತ್ತ ತಿರುಗಿ ನೋಡಲಿಲ್ಲ. ನಮ್ಮ ಊರಿನವರ ಬಗ್ಗೆ ನನಗೆ ಹೆಮ್ಮೆ ಎನ್ನಿಸುವುದು ಅದೊಂದಕ್ಕೆ.

ಅವರು ಅವನನ್ನು ಹೊತ್ತು ಚಪ್ಪರಕ್ಕೆ ತಂದರು. ಮೈ ಮುಟ್ಟಿದವರು ಕೆಂಡ ಎಂದರು. ಅಂಗಿ ಕಿತ್ತೆಸೆದರು. ಇದ್ದ ಕೊಡಗಳ ಬಾವಿ ನೀರನ್ನೆಲ್ಲ ತಲೆಗೆ, ಕುತ್ತಿಗೆಗೆ, ಕಂಕುಳಿಗೆ, ತೊಡೆಗೆ ಹೊಯ್ದರು. ಹೆಂಗಸರು ಸಾಲುಗಟ್ಟಿ ಬಾವಿಯಿಂದ ಇನ್ನಷ್ಟು ತಂದರು. ತೆಂಗಿನ ಮಡಲು, ಹಾಯಿಯ ಬಟ್ಟೆ, ಕೈಗೆ ಸಿಕ್ಕಿದ್ದರಲ್ಲಿ ಗಾಳಿ ಬೀಸಿದರು. ಒಬ್ಬ ಗಾಬರಿಯಲ್ಲಿ ಅವನ ಬಾಯಿಗೆ ಗಂಜಿ ತಿಳಿ ಹೊಯ್ಯಲು ಹೋದ. ಹೆಂಡತಿ ಅವನ ಕೈ ತಳ್ಳಿದಳು. ನುಂಗಲು ಎಚ್ಚರವಿಲ್ಲದವನಿಗೆ ಕುಡಿಸಿದರೆ ಅದು ಉಸಿರಿಗೆ ಹೋಗುತ್ತದೆ. ಮುಳುಗಿದವರನ್ನು ಎತ್ತಿ ತಂದ ದಂಡೆಯಲ್ಲಿ ಅಷ್ಟು ಎಲ್ಲರಿಗೂ ಗೊತ್ತಿತ್ತು, ಆ ಗಳಿಗೆಯಲ್ಲಿ ಮರೆತಿತ್ತು. ಆಮೇಲೆ ದೋಣಿಯಲ್ಲಿ ಮಲಗಿಸಿ, ದಾರಿಯುದ್ದಕ್ಕೂ ನೀರು ಚಿಮುಕಿಸಿ ಗಾಳಿ ಹಾಕುತ್ತ, ಹೊಳೆಯಾಚೆಯ ಡಾಕ್ಟರರ ಹತ್ತಿರ ಒಯ್ದರು. ಕಾಯುತ್ತ ಕೂರದೆ ಮೊದಲೇ ಮೈ ತಣ್ಣಗೆ ಮಾಡಿದ್ದಕ್ಕೆ ಉಳಿದುಕೊಂಡ ಎಂದು ಡಾಕ್ಟರರು ಹೇಳಿದರು.

ಉಳಿದುಕೊಂಡ. ಆದರೆ ಬಹಳ ದಿನ ಏಳಲಾಗಲಿಲ್ಲ. ಎದ್ದು ಕೂರುವಷ್ಟು ಆದ ಕೂಡಲೇ ಅವನು ಮೊದಲು ಮಾಡಿದ ಕೆಲಸ ಯಾವುದು ಹೇಳು? ಹೆಂಡತಿಯ ಮೇಲೆ ಸಿಟ್ಟಾದ. ತುಂಬಿದ ಬಲೆಯನ್ನು ಅವಳು ಕಳೆದಳು, ತನ್ನ ಹೆಸರು ಕೂಗಿ ಊರೆದುರು ತಲೆ ತಗ್ಗಿಸುವ ಹಾಗೆ ಮಾಡಿದಳು ಎಂದ. ತನಗೇನೂ ಆಗಿರಲಿಲ್ಲ, ಸ್ವಲ್ಪ ಸೆಕೆ ಅಷ್ಟೇ ಎಂದ. ನೀನು ಜಟ್ಟನನ್ನು ಕರೆದೆ ಎಂದು ಊರಿಗೆ ಊರೇ ಬಂದು ಹೇಳಿತು. “ಸಾಧ್ಯವೇ ಇಲ್ಲ. ನಾನು ಆ ಹೆಸರು ಎತ್ತುವವನೇ ಅಲ್ಲ” ಎಂದು ಅವನು ಜಗಳಕ್ಕೆ ನಿಂತ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಅದು ನೆನಪೇ ಇರಲಿಲ್ಲ. ಕೆರೆಯಲ್ಲಿ ಬುಟ್ಟಿ ಬೋರಲು ಹಾಕಿಕೊಂಡವನಿಗೆ ನೆನಪಿಲ್ಲದ ಹಾಗೆ.

ಹೆಂಡತಿ ವಾದಿಸಲಿಲ್ಲ. ನೀವು ನಂಬದಿದ್ದರೂ ಅಡ್ಡಿ ಇಲ್ಲ, ನೀವು ಬೈಯಲಿಕ್ಕೆ ಉಳಿದಿದ್ದೀರಲ್ಲ, ಬೈಯಿರಿ ಎಂದು ಗಂಜಿ ಬಡಿಸಿದಳು. ಆ ಮಳೆಗಾಲ ಊರಿನಲ್ಲಿ ಎಲ್ಲರ ಮನೆಯಲ್ಲೂ ಗಂಜಿ ತೆಳ್ಳಗಾಯಿತು. ಒಬ್ಬರೂ ಅವಳನ್ನು ದೂರಲಿಲ್ಲ.

ಮಳೆ ಮುಗಿದು ಮತ್ತೆ ಬಲೆ ಇಳಿಸುವ ದಿನ ಬಂತು. ತಾಂಡೇಲ ಹೊಸ ಕಟ್ಟುಪಾಡು ಹಾಕಿದ. ಒಂದು ಸುತ್ತು ಎಲ್ಲರ ಹೆಸರೂ ಮುಗಿದ ಮೇಲೆ ಸಾಲಿನ ಬಾಲದಲ್ಲಿರುವವನು ಸೊಲ್ಲುಗಾರನನ್ನು ಅವನ ಹೆಸರು ಹಿಡಿದು ಕೇಳಬೇಕು. ಉತ್ತರ ಸರಿ ಬಂದರೂ ಅವನು ದಿಬ್ಬ ಇಳಿದು ಒಂದು ಬಟ್ಟಲು ಕುಡಿಯಬೇಕು. ಅವನು ಕುಡಿಯುವ ಹೊತ್ತು ಬಚ್ಚ ಹಾಡು ಹಿಡಿಯಬೇಕು. ಬಚ್ಚನ ಗಂಟಲು ಕತ್ತೆಯದ್ದು, ಆದರೂ ಬಲೆ ಬಂತು. ದಿಬ್ಬದ ಮೇಲೆ ಮಡಲಿನ ಚಪ್ಪರ ಎದ್ದಿತು. ಸೊಲ್ಲುಗಾರ ಗೊಣಗಿದ, ಮೊದಲ ದಿನ ಮುಖ ಊದಿಸಿಕೊಂಡ. ಆದರೆ ತನ್ನ ಸರದಿ ಬಂದು, ಸಾಲಿನ ಬಾಲದವನು “ಈರಾ ಈರಾ, ಮನೆಗೆಂತ?” ಎಂದು ಕೂಗಿದಾಗ, ಹೆಂಗಸರ ಚಪ್ಪರದ ಕಡೆ ಒಮ್ಮೆ ನೋಡಿ, “ಹೆಂಡತಿಗೆ ನನ್ನ ಹೆಸರು!” ಎಂದ. ಆ ದಿನ ನನ್ನ ಅಮ್ಮ ಒರಳಿನ ಮುಂದೆ ಕೂತು ನಗಲಿಲ್ಲ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಈಗ ಆ ದಂಡೆಯಲ್ಲಿ ರಂಪಣಿ ಇಲ್ಲ. ಯಂತ್ರದ ದೋಣಿಗಳು ಬಂದವು. ಬಲೆಯನ್ನು ಯಂತ್ರವೇ ಸುತ್ತುತ್ತದೆ. ಯಂತ್ರಕ್ಕೆ ಹಾಡು ಬೇಡ. ಕಡಲ ನಡುವೆ, ಎಂಜಿನ್ನಿನ ಕಾವು ಕೆಳಗೆ, ಸೆಕೆ ಮೇಲೆ, ಹುಡುಗರು ಮೊದಲಿಗಿಂತ ಹೆಚ್ಚು ಹೊತ್ತು ದುಡಿಯುತ್ತಾರೆ. ನೀರಿನ ಕ್ಯಾನು ಇದೆ, ಟೋಪಿ ಇದೆ, ಮೇಲೆ ತಾಡಪಾಲು ಇದೆ. ಅದೆಲ್ಲ ಒಳ್ಳೆಯದೇ. ಆದರೆ ದಣಿದವನ ಹೆಸರು ಹಿಡಿದು, ಮನೆಗೆಂತ ಎಂದು ಕೇಳಿ, ಅವನ ಉತ್ತರಕ್ಕೆ ಕಿವಿಗೊಟ್ಟು ನಿಲ್ಲುವವರು ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಕಳೆದ ಸಲ ಊರಿಗೆ ಹೋದಾಗ ದಂಡೆಯಲ್ಲಿ ಬಹಳ ಹೊತ್ತು ನಿಂತಿದ್ದೆ. ಅಲೆಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನ ಮುಖದ ಊತ ಇಳಿದಿತ್ತು. ಅವನು ಗುರುಗಳ ಮುಖವನ್ನೇ ಭಕ್ತಿಯಿಂದ ನೋಡುತ್ತ ಕೂತಿದ್ದ. ಆಮೇಲೆ ತಲೆ ತಗ್ಗಿಸಿ, “ಭಟ್ಟರ ಕಾಲಿಗೆ ಬೀಳುತ್ತೇನೆ” ಎಂದ.

“ಬೀಳು. ಆದರೆ ಅವರು ಒಲೆಯ ಮುಂದೆ ಇಲ್ಲದಾಗ ಬೀಳು” ಎಂದರು ಗುರುಗಳು.

ಶಿಷ್ಯನಿಗೆ ಒಂದು ಸಂಶಯ ಉಳಿದಿತ್ತು. “ಗುರುಗಳೇ, ಸೊಲ್ಲುಗಾರ ಎಲ್ಲರಿಗೂ ಕಾಣುವ ಹಾಗೆ ದಿಬ್ಬದ ಮೇಲೆ ನಿಂತಿದ್ದ. ಅವನನ್ನು ಅಷ್ಟೊಂದು ಪ್ರೀತಿಸುವ ಜನ, ಅವನನ್ನೇ ನೋಡುತ್ತಿದ್ದ ಜನ. ಅವರಲ್ಲಿ ಒಬ್ಬನಿಗಾದರೂ ಬಾಯಿ ಬಿಟ್ಟು ಹೇಳಬೇಕೆಂದು ಏಕೆ ತೋಚಲಿಲ್ಲ?”

ಗುರುಗಳು ಶಲ್ಯದ ತುದಿಯಿಂದ ಹಣೆ ಒರೆಸಿಕೊಂಡು ಅವನ ಮುಖ ನೋಡಿದರು.

“ನೆರಳು ಸರಿದು ನಾನು ಬಿಸಿಲಿನಲ್ಲಿ ಕೂತು ಎಷ್ಟು ಹೊತ್ತಾಯಿತು, ನೀನೇಕೆ ಹೇಳಲಿಲ್ಲ?”